ದೊಡ್ಡಮ್ಮನ ಕೋಣೆಯ ಹಳೇ ಥರ್ಮೋಸ್ಟಾಟ್

ಕೊಡಗಿನಲ್ಲಿ ಮನೆ ಬೆಚ್ಚಗಿಡುವ ಕೆಲಸ ಮೊದಲಿನಿಂದಲೂ ಒಲೆಯದ್ದು. ಅಡುಗೆಮನೆಯ ಒಲೆ, ಬಚ್ಚಲ ಹಂಡೆಯ ಒಲೆ, ಎಸ್ಟೇಟ್ ಬಂಗಲೆಯಾದರೆ ಗೋಡೆಯೊಳಗಿನ ಅಗ್ಗಿಷ್ಟಿಕೆ. ಮಳೆಗಾಲದಲ್ಲಿ ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳಕ್ಕೆ ಒದ್ದೆ ಬಟ್ಟೆ ಹರವಿ, ಅದರ ಕೆಳಗೇ ಕೂತು ಕೈ ಕಾಯಿಸಿಕೊಂಡದ್ದು ಇಲ್ಲಿ ಬೆಳೆದ ಎಲ್ಲರಿಗೂ ನೆನಪಿರುತ್ತದೆ. ಕೋಣೆಯ ಬಿಸಿ ನೋಡಿ ಹೀಟರನ್ನು ತಾನೇ ಆನ್, ಆಫ್ ಮಾಡುವ ಥರ್ಮೋಸ್ಟಾಟ್ ಗೋಡೆಯ ಮೇಲೆ ಇರುವ ಮನೆಗಳು ಇಲ್ಲಿ ಕಡಿಮೆ. ನಮ್ಮದು ಅಂಥದ್ದೊಂದು.

ಅದಕ್ಕೆ ಕಾರಣ ದೊಡ್ಡಪ್ಪ. ಇಂಗ್ಲೆಂಡಿನಲ್ಲಿ ಬಹಳ ವರ್ಷ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಬಂದವರು. ಮಡಿಕೇರಿಯಿಂದ ಗಾಳಿಬೀಡಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮಣ್ಣಿನ ಗೋಡೆ, ಸುಣ್ಣದ ಗಾರೆ, ಮೇಲೆ ಮಂಗಳೂರು ಹೆಂಚು. ಅಂಥ ಮನೆಗೆ ಅವರು ಎಣ್ಣೆ ತುಂಬಿದ ಎಲೆಕ್ಟ್ರಿಕ್ ಹೀಟರುಗಳನ್ನು ತರಿಸಿದರು. ಮಲಗುವ ಕೋಣೆಗೆ ಎರಡು, ಹಾಲಿಗೆ ಎರಡು. ಹೀಟರುಗಳನ್ನು ನೆಲಕ್ಕೆ ಕೂರಿಸಿ, ಗೋಡೆಗೆ ಥರ್ಮೋಸ್ಟಾಟ್ ಹಾಕಿ, ವೈರ್ ಎಳೆಸಿ, ಹೊರಗಿನ ಪ್ಯಾಸೇಜಿನಲ್ಲಿ ಮನೆಗೆಲ್ಲ ಕರೆಂಟ್ ಹಂಚುವ ಡಿಬಿ ಬಾಕ್ಸಿನಲ್ಲಿ ಕಾಂಟ್ಯಾಕ್ಟರ್ ಕೂರಿಸಿದರು. ಥರ್ಮೋಸ್ಟಾಟಿನಿಂದ ಬರುವ ಚಿಕ್ಕ ಕರೆಂಟಿನಿಂದ ಹೀಟರಿನ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್ಚು ಅದು. ಥರ್ಮೋಸ್ಟಾಟುಗಳನ್ನು ಮಾತ್ರ ಅಲ್ಲಿಂದಲೇ ಪೆಟ್ಟಿಗೆಯಲ್ಲಿಟ್ಟು ತಂದಿದ್ದರು. ದೊಡ್ಡಪ್ಪ ಈಗಿಲ್ಲ. ದೊಡ್ಡಮ್ಮ ಇದ್ದಾರೆ, ಅದೇ ಕೋಣೆಯಲ್ಲಿ. ನಾನು ಅವರ ಜೊತೆಗಿದ್ದೇನೆ.

ಈ ವರ್ಷ ಆ ಕೋಣೆಯ ಕಂಟ್ರೋಲ್ ಬದಲಾಯಿಸಿದೆವು. ವೈರಿಲ್ಲದ ಹೊಸದು ಬಂತು. ಹಳೆಯದನ್ನು ಏನು ಮಾಡುವುದು ಅನ್ನುವುದು ಎಲ್ಲರಿಗೂ ಚಿಕ್ಕ ವಿಷಯವಾಗಿ ಕಂಡಿತು. ಅದು ಚಿಕ್ಕ ವಿಷಯ ಅಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಆ ಹಳೆಯದರ ಬಗ್ಗೆ ಹೇಳಬೇಕು. ಅಂಗೈಯಷ್ಟು ದೊಡ್ಡ ಬಿಳಿ ಪ್ಲಾಸ್ಟಿಕ್ ಡಬ್ಬಿ. ಹೊರಗೆ 5ರಿಂದ 30ರವರೆಗೆ ಅಂಕಿ ಬರೆದ ಒಂದು ಡಯಲ್. ಒಳಗೆ ಬಾಗಿದ ಒಂದು ಲೋಹದ ಪಟ್ಟಿ. ನೋಡಲು ಒಂದೇ ಪಟ್ಟಿ, ನಿಜವಾಗಿ ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಲೋಹ. ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಪಟ್ಟಿ ಬಾಗುತ್ತದೆ. ಬಾಗಿದಾಗ ಕಾಂಟ್ಯಾಕ್ಟ್ ಬಿಡುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ. ಇಂಥ ಪಟ್ಟಿಗಳಲ್ಲಿ ಕಡಿಮೆ ಹಿಗ್ಗುವ ಕಡೆಗೆ ಬಳಸುವುದು ಸಾಮಾನ್ಯವಾಗಿ ಇನ್ವಾರ್. ಅದು ಕಬ್ಬಿಣಕ್ಕೆ ಶೇಕಡಾ 36ರಷ್ಟು ನಿಕಲ್ ಬೆರೆಸಿದ ಮಿಶ್ರಲೋಹ. ಚಾರ್ಲ್ಸ್ ಎಡ್ವರ್ಡ್ ಗಿಯೋಮ್ ಅದನ್ನು ಕಂಡುಹಿಡಿದದ್ದು 1896ರಲ್ಲಿ. ಅಳತೆಯ ವಿಷಯದಲ್ಲಿ ಅವರು ಮಾಡಿದ ಇಂಥ ಕೆಲಸಕ್ಕೆ 1920ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ನಮ್ಮ ಗೋಡೆಯ ಮೇಲಿನ ಆ ಸಾಮಾನ್ಯ ಡಬ್ಬಿಯ ಹಿಂದೆ ಇಷ್ಟು ದೊಡ್ಡ ಕೆಲಸ ಇದೆ ಅನ್ನುವುದು ನನಗೆ ಖುಷಿಯ ವಿಷಯ.

ಅದರೊಳಗೆ ಇನ್ನೊಂದು ಜಾಣತನವೂ ಇತ್ತು. ಪಟ್ಟಿಯ ಹತ್ತಿರ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್, ಕರೆಂಟ್ ಹರಿದರೆ ಬಿಸಿಯಾಗುವಂಥದ್ದು. ಹೀಟರ್ ಓಡುತ್ತಿರುವಷ್ಟು ಹೊತ್ತು ಅದೂ ತುಸು ಬಿಸಿಯಾಗುತ್ತದೆ. ಕೋಣೆ ಪೂರ್ತಿ ಬಿಸಿಯಾಗುವುದಕ್ಕೆ ಸ್ವಲ್ಪ ಮೊದಲೇ ಪಟ್ಟಿ ಬಾಗಲಿ ಅಂತ. ಯಾಕೆಂದರೆ ಎಣ್ಣೆಯ ಹೀಟರ್ ಆಫ್ ಆದಮೇಲೂ ಬಹಳ ಹೊತ್ತು ಬಿಸಿ ಬಿಡುತ್ತಲೇ ಇರುತ್ತದೆ. ಆ ರೆಸಿಸ್ಟರ್ ಇಲ್ಲದಿದ್ದರೆ ಕೋಣೆ ಬೇಕಾದ್ದಕ್ಕಿಂತ ಜಾಸ್ತಿ ಬಿಸಿಯಾಗಿ, ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗಾಗಿ, ಹೀಗೇ ಏರಿಳಿಯುತ್ತಿರುತ್ತದೆ. ಆ ಪುಟ್ಟ ರೆಸಿಸ್ಟರಿಗೆ ಕರೆಂಟ್ ಕೊಡಲು ನ್ಯೂಟ್ರಲ್ ಕೂಡ ಬೇಕು. ಹಾಗಾಗಿ ಡಬ್ಬಿಗೆ ಬರುತ್ತಿದ್ದ ವೈರು ಬರೀ ಸ್ವಿಚ್ಚಿನ ಎರಡು ಎಳೆ ಅಲ್ಲ. ಬರುವ ಫೇಸ್, ಹೋಗುವ ಫೇಸ್, ನ್ಯೂಟ್ರಲ್, ಜೊತೆಗೆ ಅರ್ತ್. ಈ ಮಾತು ಮುಂದೆ ಬೇಕಾಗುತ್ತದೆ.

ಇಷ್ಟು ಒಳ್ಳೆಯದಾಗಿದ್ದರೆ ಬದಲಾಯಿಸಿದ್ದು ಯಾಕೆ ಅಂತ ನೀವು ಕೇಳಬಹುದು. ಅದು ಇದ್ದ ಜಾಗ ಸರಿಯಿರಲಿಲ್ಲ. ಪಡುವಣ ಕಡೆಯ ಹೊರಗೋಡೆಯಲ್ಲಿ ಅದನ್ನು ಕೂರಿಸಿದ್ದರು. ನಮ್ಮ ಮಳೆ ಬಂದು ಬಡಿಯುವುದೇ ಆ ಕಡೆಯಿಂದ. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಮುಕ್ಕಾಲುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜುಲೈ ಹೊತ್ತಿಗೆ ಆ ಗೋಡೆ ನೀರು ಕುಡಿದು ತಣ್ಣಗೆ ಕೊರೆಯುತ್ತಿರುತ್ತದೆ. ಥರ್ಮೋಸ್ಟಾಟ್ ಅಳೆಯುತ್ತಿದ್ದದ್ದು ಅರ್ಧ ಕೋಣೆಯ ಗಾಳಿಯನ್ನು, ಅರ್ಧ ಆ ಗೋಡೆಯನ್ನು. ಕೋಣೆ ಬೆಚ್ಚಗಾದರೂ ಗೋಡೆ ತಣ್ಣಗಿರುವುದರಿಂದ ಹೀಟರ್ ಓಡುತ್ತಲೇ ಇರುತ್ತಿತ್ತು. ಥರ್ಮೋಸ್ಟಾಟ್ ಯಾವಾಗಲೂ ಒಳಗೋಡೆಯಲ್ಲಿ, ನೆಲದಿಂದ ಸುಮಾರು ಐದಡಿ ಎತ್ತರದಲ್ಲಿ, ಬಿಸಿಲು ಬೀಳದ, ಕಿಟಕಿ ಪರದೆಯ ಮರೆಗೆ ಹೋಗದ, ಹೀಟರಿನ ನೇರಕ್ಕಿಲ್ಲದ ಜಾಗದಲ್ಲಿರಬೇಕು.

ಎರಡನೆಯ ಕಾರಣ ಕರೆಂಟ್ ಬಿಲ್ಲು. ದೊಡ್ಡಮ್ಮನ ಕೋಣೆಯ ಎರಡು ಹೀಟರ್ ಸೇರಿ 3 ಕಿಲೋವ್ಯಾಟ್. ಒಂದು ಗಂಟೆ ಓಡಿದರೆ 3 ಯೂನಿಟ್. ದಿನಕ್ಕೆ ನಾಲ್ಕು ಗಂಟೆ ಓಡಿದರೆ 12. ಹದಿನೇಳು ದಿನಕ್ಕೆ 200 ಯೂನಿಟ್ ದಾಟಿತು, ಅದೂ ಹೀಟರ್ ಒಂದರಿಂದಲೇ. ಗೃಹಜ್ಯೋತಿಯ ಮಿತಿ 200 ಅಲ್ವಾ. ಬೇಕಾದ ಹೊತ್ತಿಗೆ ಬೇಕಾದಷ್ಟೇ ಓಡಿಸುವ ಟೈಮರ್ ಇಲ್ಲದೆ ಇದನ್ನು ಹಿಡಿತಕ್ಕೆ ತರಲು ಆಗುತ್ತಿರಲಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಕೊಡಗಿನ ಮಳೆಗಾಲದ ತೊಂದರೆ ಚಳಿಯಲ್ಲ, ಥಂಡಿ, ಅಂದರೆ ತೇವ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ ಇದ್ದರೂ ಅದು ಒಣ ಚಳಿ. ಕಂಬಳಿ ಹೊದ್ದರೆ ಆಯಿತು. ಕಕ್ಕಡ ತಿಂಗಳ ಹೊತ್ತಿಗೆ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯಲ್ಲಿ, ಹಾಗಲ್ಲ. ಹಾಸಿಗೆ ಒದ್ದೆ ಅನಿಸುತ್ತದೆ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆ, ಚಪ್ಪಲಿ, ಬೆಲ್ಟು, ಹಳೆಯ ಫೋಟೋ ಎಲ್ಲಕ್ಕೂ ಬೂಷ್ಟು. ಉಪ್ಪಿನ ಭರಣಿಯಲ್ಲಿ ನೀರು. ದೊಡ್ಡಮ್ಮನಿಗೆ ಕೆಮ್ಮು ಶುರುವಾಗುವುದು ಈ ಬೂಷ್ಟಿನಿಂದ, ಚಳಿಯಿಂದಲ್ಲ.

ಇಲ್ಲಿ ಒಂದು ಸರಳ ಲೆಕ್ಕ ಇದೆ. ಕೋಣೆ 19 ಡಿಗ್ರಿ ಇದೆ, ಗಾಳಿಯ ತೇವ ಶೇಕಡಾ 95 ಇದೆ ಅಂದುಕೊಳ್ಳಿ. ಅದೇ ಗಾಳಿಯನ್ನು ಬರೀ ನಾಲ್ಕು ಡಿಗ್ರಿ ಬಿಸಿ ಮಾಡಿ 23ಕ್ಕೆ ತಂದರೆ ತೇವ ಸುಮಾರು 74ಕ್ಕೆ ಇಳಿಯುತ್ತದೆ. ನೀರು ಎಲ್ಲಿಗೂ ಹೋಗಿಲ್ಲ. ಬೆಚ್ಚಗಿನ ಗಾಳಿಗೆ ಜಾಸ್ತಿ ನೀರು ಹಿಡಿಯುವ ಶಕ್ತಿ ಇದೆ, ಅಷ್ಟೇ. ಆದರೆ ಬೂಷ್ಟಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಶೇಕಡಾ 80 ದಾಟಿದ ತೇವ ದಿನಗಟ್ಟಲೆ ನಿಂತರೆ ಅದು ಚೆನ್ನಾಗಿ ಬೆಳೆಯುತ್ತದೆ, ಅದರ ಕೆಳಗೆ ಕಷ್ಟ. ಹಳೆಯ ಥರ್ಮೋಸ್ಟಾಟಿಗೆ ತೇವ ಗೊತ್ತಾಗುವುದಿಲ್ಲ. ಅದು ನೋಡುವುದು ಬಿಸಿಯನ್ನು ಮಾತ್ರ. ಹೊಸದರ ಪರದೆಯಲ್ಲಿ ಎರಡೂ ಅಂಕಿ ಕಾಣುತ್ತವೆ. ಹೊರಗೆ ಧೋ ಅಂತ ಸುರಿಯುತ್ತಿರುವಾಗ ಯಾವ ಹೊತ್ತಿಗೆ ಹೀಟರ್ ಹಾಕಿದರೆ ಉಪಯೋಗ, ಯಾವಾಗ ಸುಮ್ನೆ ದುಡ್ಡು ದಂಡ ಅನ್ನುವುದು ಆ ಎರಡನ್ನೂ ಒಟ್ಟಿಗೆ ನೋಡಿದಾಗಲೇ ತಿಳಿಯುವುದು. ಬಟ್ಟೆಯನ್ನು ಅದೇ ಕೋಣೆಯಲ್ಲಿ ಒಣಹಾಕಿದರೆ ತೇವ ಮತ್ತೆ ಏರುವುದೂ ಕಣ್ಣಿಗೆ ಕಾಣುತ್ತದೆ. ಅಂದಿನಿಂದ ಬಟ್ಟೆಯ ಗಳ ಒಲೆಯ ಹತ್ತಿರಕ್ಕೇ ವಾಪಸ್ ಹೋಯಿತು.

ಸರಿ, ಹೊಸದು ಬಂತು. ಅದರಲ್ಲಿ ಎರಡು ಭಾಗ. ಕೋಣೆಯಲ್ಲಿಡುವ ಸೆನ್ಸರ್ ಒಂದು, ಸೆಲ್ಲಿನಿಂದ ನಡೆಯುವಂಥದ್ದು. ಇನ್ನೊಂದು ಡಿಬಿ ಬಾಕ್ಸಿನ ಪಕ್ಕ ಕೂರುವ ರಿಸೀವರ್. ಎರಡರ ನಡುವೆ ಮಾತುಕತೆ ರೇಡಿಯೋದಲ್ಲಿ. ಇಂಟರ್ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಯಾವಾಗ ಇರುತ್ತದೋ ಯಾವಾಗ ಹೋಗುತ್ತದೋ ಹೇಳಲಾಗದು. ನೆಟ್ ನಂಬಿದ ಹೀಟರ್ ಇಲ್ಲಿ ಬೇಡವೇ ಬೇಡ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಮಣ್ಣಿನ ಗೋಡೆ ದಪ್ಪ, ಸಿಗ್ನಲ್ ದಾಟುತ್ತದೋ ಇಲ್ಲವೋ ಅಂತ ಸೆನ್ಸರನ್ನು ಕೈಯಲ್ಲಿ ಹಿಡಿದು ಕೋಣೆಯ ಮೂಲೆ ಮೂಲೆಗೂ ಹೋಗಿ ನೋಡಿದೆವು. ದಾಟಿತು.

ಹಳೆಯ ಡಬ್ಬಿಯ ವಿಷಯ ಬಂದಾಗ ಎಲೆಕ್ಟ್ರಿಷಿಯನ್ ಹೇಳಿದ, "ಅದು ಹಾಗೇ ಇರ್ಲಿ ಬಿಡಿ ಅಕ್ಕ. ಮಳೆ ಟೈಮಲ್ಲಿ ಗೋಡೆ ಒಡೆಯೋದು ಯಾಕೆ? ಫುಲ್ ಮೂವತ್ತಕ್ಕೆ ಇಟ್ಟುಬಿಟ್ಟಿದೀನಿ, ಏನೂ ಮಾಡಲ್ಲ ಅದು."

ಏನೂ ಮಾಡುವುದಿಲ್ಲ ಅನ್ನುವ ಮಾತು ಅರ್ಧ ಮಾತ್ರ ನಿಜ. ಹೊಸ ರಿಸೀವರನ್ನು ಅವನು ಹಳೆಯ ಥರ್ಮೋಸ್ಟಾಟಿನ ಜೊತೆ ಸೀರೀಸಿನಲ್ಲಿ ಹಾಕಿದ್ದ. ಅಂದರೆ ಕಾಂಟ್ಯಾಕ್ಟರಿಗೆ ಕರೆಂಟ್ ಹೋಗಬೇಕಾದರೆ ಎರಡೂ ಒಪ್ಪಬೇಕು. ಹಳೆಯದು 30ರಲ್ಲಿ ಇರುವವರೆಗೆ ಅದರ ಕಾಂಟ್ಯಾಕ್ಟ್ ಕೂಡಿಕೊಂಡೇ ಇರುತ್ತದೆ, ಹೊಸದು ಹೇಳಿದಂತೆ ನಡೆಯುತ್ತದೆ. ಯಾರಾದರೂ ಅದನ್ನು ತಿರುಗಿಸಿದರೆ ಮುಗಿಯಿತು.

ದೊಡ್ಡಮ್ಮ ತಿರುಗಿಸಿದರು. ತಿರುಗಿಸದೆ ಇನ್ನೇನು ಮಾಡುತ್ತಾರೆ? ದೇವರ ದೀಪಕ್ಕೆ ಕೈ ಮುಗಿದು, ಕಿಟಕಿ ಚಿಲಕ ನೋಡಿ, ಹಾಸಿಗೆಗೆ ಹೋಗುವಾಗ ಆ ಡಯಲನ್ನು 15ಕ್ಕೆ ಇಳಿಸುವುದು ಅವರ ಎಷ್ಟೋ ವರ್ಷದ ರೂಢಿ. ದೊಡ್ಡಪ್ಪ ಹೇಳಿಕೊಟ್ಟದ್ದು ಹಾಗೆ. ಬೆಳಗ್ಗೆ ಎದ್ದಾಗ 20ಕ್ಕೆ ಏರಿಸಬೇಕು. ಕತ್ತಲಲ್ಲೂ ಅವರ ಬೆರಳಿಗೆ ಆ ಜಾಗ ಗೊತ್ತು. ಎಷ್ಟು ತಿರುಗಿಸಿದರೆ 'ಟಿಕ್' ಅನ್ನುತ್ತದೆ ಅನ್ನುವುದು ಗೊತ್ತು.

ಆಮೇಲೆ ಶುರುವಾಯಿತು ನೋಡಿ. ಬೆಳಗಿನ ಜಾವ ಹೊಸದರ ಪರದೆಯಲ್ಲಿ ಕೋಣೆ 17 ಡಿಗ್ರಿ, ಬೇಕಾದದ್ದು 20 ಅಂತ ಇದೆ. ಹೀಟರ್ ಓಡುತ್ತಿದೆ ಅನ್ನುವ ಗುರುತೂ ಬಂದಿದೆ. ಹೀಟರಿನ ಮೇಲೆ ಕೈಯಿಟ್ಟರೆ ತಣ್ಣಗೆ. ರಿಸೀವರಿನ ಹಸಿರು ದೀಪ ಉರಿಯುತ್ತಿದೆ. ಎಲ್ಲ ಸರಿ ಅಂತ ಹೊಸದು ಹೇಳುತ್ತಿದೆ, ಕೋಣೆ ಮಾತ್ರ ಬೆಚ್ಚಗಾಗಿಲ್ಲ. ಸಿಗ್ನಲ್ ಸಿಗುತ್ತಿಲ್ಲ ಅಂದರು. ಸೆಲ್ ಬದಲಾಯಿಸಿದರು. ರಿಸೀವರೇ ಹಾಳು, ವಾಪಸ್ ಕಳಿಸೋಣ ಅಂದರು. ಕೆಲವು ಬೆಳಗ್ಗೆ ಸರಿಯಾಗೇ ಓಡುತ್ತಿದ್ದದ್ದು ಇನ್ನೂ ಗೊಂದಲ. ದೊಡ್ಡಮ್ಮ ಬೇಗ ಎದ್ದು ಡಯಲ್ ಏರಿಸಿದ ದಿನಗಳು ಅವು.

ಕೊನೆಗೆ ಗೊತ್ತಾದದ್ದು ಅವರ ಬಾಯಿಂದಲೇ. "ನಾನು ದಿನಾ ಇಳಿಸ್ತೀನಲ್ಲ ಮಗಾ, ಕರೆಂಟ್ ಸುಮ್ನೆ ಹೋಗಬಾರದು ಅಂತ" ಅಂದರು.

ಅವರದ್ದು ಏನೂ ತಪ್ಪಿಲ್ಲ. ಗೋಡೆಯ ಮೇಲೆ ಒಂದು ಡಯಲ್ ಇದ್ದರೆ, ಅದರಲ್ಲಿ ಅಂಕಿ ಇದ್ದರೆ, ಅದು ಕೆಲಸ ಮಾಡುತ್ತದೆ ಅಂತ ನಂಬುವುದು ಮನುಷ್ಯನ ಸಹಜ. ಆ ನಂಬಿಕೆಯ ಮೇಲೇ ಮನೆ ನಡೆಯುವುದು. ಸೀರೀಸಿನ ಬದಲು ಪ್ಯಾರಲಲ್ ಹಾಕಿದ್ದರೆ, ಅಂದರೆ ಎರಡರಲ್ಲಿ ಒಂದು ಒಪ್ಪಿದರೂ ಸಾಕು ಅನ್ನುವ ಹಾಗೆ ಹಾಕಿದ್ದರೆ, ತೊಂದರೆ ಬೇರೆ ಥರ ಇರುತ್ತಿತ್ತು. ಹಳೆಯ ಡಬ್ಬಿ ತಾನೊಂದೇ ಹೀಟರನ್ನು ಆನ್ ಮಾಡಿಬಿಡುತ್ತಿತ್ತು. ಹೊಸದು ಆಫ್ ಅಂದರೂ ಹೀಟರ್ ಓಡುತ್ತಲೇ ಇರುತ್ತಿತ್ತು, ಬಿಲ್ಲು ಬಂದಾಗಲೇ ಗೊತ್ತಾಗುತ್ತಿತ್ತು. ಇನ್ನು ವೈರ್ ಬಿಡಿಸಿ ಡಬ್ಬಿಯನ್ನು ಮಾತ್ರ ಗೋಡೆಯಲ್ಲಿ ಬಿಟ್ಟಿದ್ದರೆ? ಆಗಲೂ ದೊಡ್ಡಮ್ಮ ದಿನಾ ರಾತ್ರಿ ಅದನ್ನು ತಿರುಗಿಸಿ, ಕೋಣೆ ತಣ್ಣಗಾಗಲಿಲ್ಲ ಯಾಕೆ ಅಂತ ಯೋಚಿಸುತ್ತಿದ್ದರು. ವಯಸ್ಸಾದವರು ಇಂಥ ಹೊತ್ತಿನಲ್ಲಿ ಯಂತ್ರದ ಮೇಲೆ ಅನುಮಾನ ಪಡುವುದಿಲ್ಲ. ತಮ್ಮ ನೆನಪಿನ ಮೇಲೆ, ತಮ್ಮ ಕೈಯ ಮೇಲೆ ಅನುಮಾನ ಪಡುತ್ತಾರೆ. ಇದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕೆಲಸ ಮಾಡದ ಡಯಲನ್ನು ಅವರ ಗೋಡೆಯಲ್ಲಿ ಬಿಡುವುದು ಅವರಿಗೆ ಸುಳ್ಳು ಹೇಳಿದ ಹಾಗೆ ಅಂತಲೇ ನಾನು ಅಂದುಕೊಂಡಿದ್ದೇನೆ.

ತೆಗೆಯಲೇಬೇಕು ಅಂತ ನಿರ್ಧಾರವಾಯಿತು. ಮಳೆ ನಿಲ್ಲಲಿ ಅಂತ ಕಾದೆವು. ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದು ಬಿಸಿಲು ಕಾಣತೊಡಗಿದ ಮೇಲೆ ಬೇರೆ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ವಯಸ್ಸಾದವರು, ಎಸ್ಟೇಟುಗಳಲ್ಲಿ ಪಂಪ್‌ಸೆಟ್, ಪಲ್ಪರ್ ಮೋಟಾರ್ ಎಲ್ಲ ನೋಡಿ ಪಳಗಿದವರು. ಅವರ ಕೆಲಸ ನೋಡುವುದೇ ಒಂದು ಪಾಠ.

ಡಿಬಿ ಬಾಕ್ಸಿನಲ್ಲಿ ಹೀಟರಿನ ಲೈನಿಗಿರುವ ಸ್ವಿಚ್ಚು, ಅಂದರೆ ಎಂಸಿಬಿ, ಇಳಿಸಿದರು. ಮೇನ್ ಇಳಿಸಿದರು. ಡಬ್ಬಿಯ ಮುಚ್ಚಳ ತೆಗೆದು ಟೆಸ್ಟರ್ ಇಟ್ಟರು. ಟೆಸ್ಟರಿನ ದೀಪ ಮಿಣುಕಿತು.

ನಾನು ಗಾಬರಿಯಾದೆ. ಅವರು ಆಗಲಿಲ್ಲ. "ಟೆಸ್ಟರ್ ಮಾತು ಕೇಳಬಾರದು ಅಮ್ಮ, ಮೀಟರ್ ಇಟ್ಟು ನೋಡೋಣ" ಅಂದರು. ಅದಕ್ಕೆ ಕಾರಣ ಇದೆ. ಎಲ್ಲೂ ಕೂಡಿಸದ ವೈರಿನಲ್ಲೂ ಪಕ್ಕದಲ್ಲಿ ಕರೆಂಟಿರುವ ವೈರ್ ಹೋಗಿದ್ದರೆ ತುಸು ವೋಲ್ಟೇಜ್ ಕಾಣಿಸಿಕೊಳ್ಳುತ್ತದೆ. ಟೆಸ್ಟರಿನ ನಿಯಾನ್ ದೀಪಕ್ಕೆ ಅಷ್ಟೇ ಸಾಕು. ಹಾಗೆಯೇ ನಿಜವಾಗಿ ಕರೆಂಟ್ ಇದ್ದಾಗಲೂ ಕೆಲವೊಮ್ಮೆ ಅದು ಉರಿಯದೇ ಮೋಸ ಮಾಡಬಹುದು. ಹಾಗಾಗಿ ಅವರು ಮೀಟರನ್ನು ಮೊದಲು ಕರೆಂಟಿದೆ ಅಂತ ಗೊತ್ತಿರುವ ಜಾಗದಲ್ಲಿ ಇಟ್ಟು ನೋಡಿದರು, ಆಮೇಲೆ ಇಲ್ಲಿ ಇಟ್ಟರು, ಮತ್ತೆ ಹೋಗಿ ಆ ಗೊತ್ತಿರುವ ಜಾಗದಲ್ಲಿ ಇಟ್ಟರು. ಮೀಟರ್ ಸರಿಯಿದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡ ಮೇಲೆಯೇ ನಡುವಿನ ಅಂಕಿಯನ್ನು ನಂಬುವುದು.

ಅಂಕಿ 220ರ ಮೇಲಿತ್ತು. ಅಂದರೆ ನಿಜವಾದ ಕರೆಂಟ್. ಮೇನ್ ಆಫ್ ಇದ್ದರೂ.

ಮೇನ್ ಆಫ್ ಆದಮೇಲೂ ನಮ್ಮ ಮನೆಯಲ್ಲಿ ಕರೆಂಟ್ ಇರುವ ಜಾಗ ಯಾವುದು? ಅವರು ಮೀಟರ್ ಪರೀಕ್ಷೆಗೆ ಬಳಸಿದ ಆ ಗೊತ್ತಿರುವ ಜಾಗವೇ ಉತ್ತರ ಹೇಳುತ್ತಿತ್ತು. ಅದು ಇನ್ವರ್ಟರ್ ಪ್ಲಗ್ಗು. ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮ ಕಡೆ ದಿನಗಟ್ಟಲೆ ಕತ್ತಲೆ. ಹಾಗಾಗಿ ಕೊಡಗಿನಲ್ಲಿ ಇನ್ವರ್ಟರ್ ಇಲ್ಲದ ಮನೆ ಕಡಿಮೆ. ಎಷ್ಟೋ ವರ್ಷದ ಕೆಳಗೆ ಅದನ್ನು ಹಾಕಿಸಿದಾಗ ಆ ಕೋಣೆಯ ದೀಪ, ಫ್ಯಾನಿನ ಫೇಸನ್ನು ಇನ್ವರ್ಟರಿಗೆ ವರ್ಗ ಮಾಡಿದ್ದರು. ಥರ್ಮೋಸ್ಟಾಟಿನ ಫೇಸ್ ಕೂಡ ಅದೇ ಜಂಕ್ಷನ್ನಿನಿಂದ ಹೊರಟಿತ್ತು. ಅದೂ ಜೊತೆಗೆ ಹೋಯಿತು. ಹೀಟರಿನ ದೊಡ್ಡ ಕರೆಂಟ್ ಮೇನ್‌ನಿಂದ, ಅದನ್ನು ಆಳುವ ಚಿಕ್ಕ ಕರೆಂಟ್ ಇನ್ವರ್ಟರಿನಿಂದ. ಎರಡು ಬೇರೆ ಮೂಲ. ಮೇನ್ ಇಳಿಸಿದೆ, ಇನ್ನು ಮುಟ್ಟಬಹುದು ಅಂತ ಯಾರಾದರೂ ಸ್ಕ್ರೂಡ್ರೈವರ್ ಹಾಕಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನಗೆ ಮನಸ್ಸಿಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಇಳಿಸುವುದು ಅರ್ಧ ಕೆಲಸ. ಇನ್ವರ್ಟರನ್ನೂ ಆಫ್ ಮಾಡಿ, ಮನೆಗೆ ಕರೆಂಟ್ ಕೊಡುವ ಅದರ ಔಟ್‌ಪುಟ್ ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಬೇಕು. ಜನರೇಟರ್ ಇದ್ದರೆ ಅದನ್ನೂ ನೋಡಬೇಕು.

ಇನ್ವರ್ಟರ್ ತೆಗೆದರು. ಮೀಟರ್ ಸೊನ್ನೆಗೆ ಬಂತು. ಆಗ ಡಬ್ಬಿಯ ಎರಡು ಸ್ಕ್ರೂ ಬಿಚ್ಚಿದರು.

ಹಿಂದೆ ಕೆಂಪು, ಕಪ್ಪು, ಹಳದಿ, ಹಸಿರು ವೈರುಗಳು. ಹಳೆಯ ವೈರಿಂಗಿನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಅನ್ನುವುದು ನಮಗೆಲ್ಲ ಗೊತ್ತಿರುವ ಲೆಕ್ಕ. ಇಲ್ಲಿ ಆ ಲೆಕ್ಕ ನಡೆಯಲಿಲ್ಲ. ಕಪ್ಪನ್ನು ಕಾಂಟ್ಯಾಕ್ಟರಿಗೆ ಹೋಗುವ ಫೇಸಿಗೆ ಬಳಸಿದ್ದರು. ನ್ಯೂಟ್ರಲ್ ಹಳದಿಯಲ್ಲಿತ್ತು. ಕೈಗೆ ಸಿಕ್ಕ ಬಣ್ಣದಲ್ಲಿ ಕೆಲಸ ಮುಗಿಸಿದ್ದರು ಅಂತ ಕಾಣುತ್ತದೆ. ಬಣ್ಣ ನೋಡಿ ಕಪ್ಪನ್ನು ನ್ಯೂಟ್ರಲ್ ಅಂತ ತಿಳಿದು, ನ್ಯೂಟ್ರಲ್ಲುಗಳ ಜೊತೆ ಕಟ್ಟಿದ್ದರೆ ಆ ವೈರಿಗೆ ಫೇಸ್ ಬಂದಾಗಲೆಲ್ಲ ನೇರ ಶಾರ್ಟ್. ಅವರು ಪ್ರತಿ ವೈರನ್ನೂ ಎರಡೂ ತುದಿಯಲ್ಲಿ ಅಳೆದು, ಯಾವುದು ಯಾವುದು ಅಂತ ಪೇಪರ್ ಟೇಪ್ ಸುತ್ತಿ ಬರೆದರು. ಬಿಚ್ಚುವ ಮೊದಲು ಫೋನಿನಲ್ಲಿ ಫೋಟೋ ತೆಗೆಸಿದರು.

ಡಬ್ಬಿ ಇದ್ದ ಜಾಗದಲ್ಲಿ ಗೋಡೆಗೆ ಹೆಬ್ಬೆರಳು ಹೋಗುವಷ್ಟು ತೂತು. ಅದರ ಬಾಯಲ್ಲಿ ಒಣಗಿದ ಹಲ್ಲಿಮೊಟ್ಟೆಯ ಸಿಪ್ಪೆ, ಇರುವೆ ತಂದಿಟ್ಟ ಮಣ್ಣು. ಕೈ ಹಿಡಿದರೆ ತಣ್ಣನೆಯ ಗಾಳಿ ಬೀಸುತ್ತಿತ್ತು. ವೈರ್ ಬರುವ ಪೈಪು ಮೇಲೆ ಅಟ್ಟದವರೆಗೆ ಹೋಗುತ್ತದೆ. ಅಟ್ಟದ ಗಾಳಿ ಪೈಪಿನಲ್ಲಿ ಇಳಿದು ನೇರ ಥರ್ಮೋಸ್ಟಾಟಿನ ಬೆನ್ನಿಗೆ ಬಡಿಯುತ್ತಿತ್ತು. ಗೋಡೆ ತಣ್ಣಗೆ, ಬೆನ್ನಿಗೆ ಗಾಳಿ. ಅಷ್ಟು ವರ್ಷ ಅದು ಸುಮ್ನೆ ಹೀಟರ್ ಓಡಿಸುತ್ತಿತ್ತು ಅಂತ ನಾವು ಬೈದುಕೊಂಡದ್ದು ಅನ್ಯಾಯ. ಅದು ತನಗೆ ಕಂಡದ್ದನ್ನು ಸರಿಯಾಗಿಯೇ ಹೇಳುತ್ತಿತ್ತು.

ಆಮೇಲೆ ಮುಖ್ಯ ಕೆಲಸ ಡಿಬಿ ಬಾಕ್ಸಿನಲ್ಲಿ. ಗೋಡೆಯಿಂದ ಡಬ್ಬಿ ತೆಗೆದರೆ ಸರ್ಕಿಟ್ ಅಲ್ಲೇ ತುಂಡಾಗುತ್ತದೆ. ಕಾಂಟ್ಯಾಕ್ಟರಿಗೆ ಕರೆಂಟ್ ಬರುವುದೇ ಇಲ್ಲ. ಎರಡು ಫೇಸ್ ವೈರುಗಳನ್ನು ಗೋಡೆಯಲ್ಲೇ ಕೂಡಿಸಿ ಟೇಪ್ ಸುತ್ತಿ ಬಿಡುವವರೂ ಇದ್ದಾರೆ. ಆಗ ಹೀಟರ್ ಓಡುತ್ತದೆ ನಿಜ, ಆದರೆ ಬೇಡದ ಒಂದು ವೈರು ಕರೆಂಟ್ ಹೊತ್ತು ಒದ್ದೆ ಗೋಡೆಯೊಳಗೆ ಉಳಿದುಬಿಡುತ್ತದೆ. ಮುಂದೆ ಯಾರೋ ಅಲ್ಲಿ ದೇವರ ಫೋಟೋಕ್ಕೆ ಮೊಳೆ ಹೊಡೆಯುತ್ತಾರೆ. ಅವರಿಗೆ ಹೇಗೆ ಗೊತ್ತಾಗಬೇಕು? ನಮ್ಮವರು ಹಾಗೆ ಮಾಡಲಿಲ್ಲ. ರಿಸೀವರಿನ ಔಟ್‌ಪುಟ್ಟನ್ನು ನೇರ ಕಾಂಟ್ಯಾಕ್ಟರಿನ ಕಾಯಿಲಿಗೆ, ಅಂದರೆ ಅದನ್ನು ಆನ್ ಮಾಡುವ ತಂತಿಸುರುಳಿಗೆ, ಕೊಟ್ಟರು. ಕಂಟ್ರೋಲಿನ ಫೇಸನ್ನು ಹೀಟರಿನ ಎಂಸಿಬಿಯಿಂದಲೇ ತೆಗೆದುಕೊಂಡರು. ಈಗ ಆ ಒಂದು ಎಂಸಿಬಿ ಇಳಿಸಿದರೆ ಹೀಟರ್, ಕಾಂಟ್ಯಾಕ್ಟರ್, ರಿಸೀವರ್ ಎಲ್ಲ ಒಟ್ಟಿಗೆ ಸತ್ತುಹೋಗುತ್ತವೆ. ಗೋಡೆಯ ವೈರಿಗೆ ಎರಡೂ ಕಡೆ ಏನೂ ಕೂಡಿಲ್ಲ.

ವೈರ್ ಎಳೆದು ತೆಗೆಯಲು ನೋಡಿದೆವು. ಅಟ್ಟದಲ್ಲಿ ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಕೂರಿಸಿದ್ದ ಭಾಗ ಸುಲಭವಾಗಿ ಬಂತು. ಒಂದು ಕಡೆ ಇಲಿ ಕಡಿದು ತಾಮ್ರ ಕಾಣುತ್ತಿತ್ತು, ಒಣ ತೊಲೆಯಿಂದ ಒಂದು ಗೇಣಿನಷ್ಟೂ ದೂರ ಇರಲಿಲ್ಲ. ಹಾಗೇ ಬಿಟ್ಟಿದ್ದರೆ ಅದು ನಮ್ಮ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಗೋಡೆಯೊಳಗಿನ ಭಾಗ ಬರಲಿಲ್ಲ, ಪೈಪಿನೊಳಗೆ ಎಲ್ಲೋ ಹಿಡಿದುಕೊಂಡಿತ್ತು. ಜೋರಾಗಿ ಎಳೆದರೆ ಗಾರೆ ಕಿತ್ತು ಬರುತ್ತದೆ. ಅದನ್ನು ಅಲ್ಲೇ ಬಿಟ್ಟು, ಎರಡೂ ತುದಿಗೆ ಕನೆಕ್ಟರ್ ಮುಚ್ಚಿ, ಅಟ್ಟದ ತುದಿಯಲ್ಲಿ ಒಂದು ಚೀಟಿ ಕಟ್ಟಿದೆ. 'ಹಳೆಯ ಥರ್ಮೋಸ್ಟಾಟ್ ವೈರ್, ಎರಡೂ ಕಡೆ ಬಿಡಿಸಿದೆ' ಅಂತ ಕನ್ನಡದಲ್ಲೇ ಬರೆದೆ. ತೂತಿನ ಬಾಯನ್ನು ಗಾಳಿ ಬಾರದ ಹಾಗೆ ತುಂಬಿದೆವು. ತುಂಬಲು ಸಿಮೆಂಟ್ ಬೇಡ ಅಂತ ನಾನು ಹಟ ಹಿಡಿದೆ. ಮಣ್ಣಿನ ಗೋಡೆ ಕುಡಿದ ನೀರು ಹೊರಗೆ ಹೋಗಲು ಸುಣ್ಣ ಬಿಡುತ್ತದೆ, ಸಿಮೆಂಟ್ ಬಿಡುವುದಿಲ್ಲ. ಸಿಮೆಂಟ್ ತೇಪೆ ಹಾಕಿದ ಕಡೆಯೆಲ್ಲ ಎರಡು ಮಳೆಗಾಲದಲ್ಲಿ ಸುತ್ತಲಿನ ಗಾರೆ ಉಬ್ಬಿ ಉದುರುವುದನ್ನು ಈ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಡಬ್ಬಿಯನ್ನು ಕಸಕ್ಕೆ ಹಾಕುವ ಮೊದಲು ಒಳಗೆ ಪಾದರಸ ಇದೆಯಾ ಅಂತ ನೋಡಿದೆ. ಕೆಲವು ಹಳೆಯ ಥರ್ಮೋಸ್ಟಾಟುಗಳಲ್ಲಿ ಪುಟ್ಟ ಗಾಜಿನ ಬುರುಡೆಯೊಳಗೆ ಪಾದರಸದ ಹನಿ ಇರುತ್ತದೆ. ಪಟ್ಟಿ ಬಾಗಿದಾಗ ಬುರುಡೆ ವಾಲಿ, ಪಾದರಸ ಹರಿದು ಸರ್ಕಿಟ್ ಕೂಡಿಸುತ್ತದೆ. ಅದು ಒಡೆದರೆ ಮನೆಯೊಳಗೆ ವಿಷ. ತೋಟದ ಗುಂಡಿಗೆ ಎಸೆಯುವಂಥದ್ದಲ್ಲ ಅದು. ನಮ್ಮದರಲ್ಲಿ ಇರಲಿಲ್ಲ. ಆದರೂ ಇ-ತ್ಯಾಜ್ಯದ ಜೊತೆಗೇ ಕೊಟ್ಟೆ.

ಇಷ್ಟಕ್ಕೆ ತೆಗೆಯುವ ಕೆಲಸ ಮುಗಿಯಿತು ಅಂತ ನಾನು ಒಪ್ಪುವುದಿಲ್ಲ. ಹಳೆಯದು ಬಿಸಿಯನ್ನು ಮಾತ್ರ ನೋಡಿಕೊಳ್ಳುತ್ತಿರಲಿಲ್ಲ. ಕೋಣೆ ದೊಡ್ಡಮ್ಮನ ಕೈಯಲ್ಲಿತ್ತು ಅನ್ನುವುದೂ ಅದರಿಂದಲೇ. ಆ ಕೆಲಸವನ್ನು ಯಾರು ಮಾಡುತ್ತಾರೆ? ಹೊಸ ಸೆನ್ಸರಿನದ್ದು ನುಣ್ಣನೆಯ ಪರದೆ. ಬೆರಳು ಸವರಬೇಕು, ಚಿಕ್ಕ ಚಿಕ್ಕ ಚಿತ್ರ ಒತ್ತಬೇಕು. ವಯಸ್ಸಾದವರ ಒಣ ಬೆರಳಿಗೆ ಅಂಥ ಪರದೆ ಸರಿಯಾಗಿ ಓಗೊಡುವುದಿಲ್ಲ. ದೊಡ್ಡಮ್ಮ ಎರಡು ಸಲ ಮುಟ್ಟಿ ನೋಡಿ, "ನೀನೇ ಮಾಡಿಬಿಡು" ಅಂತ ನನ್ನ ಕೈಗೆ ಕೊಟ್ಟರು. ತಮ್ಮ ಕೋಣೆಯ ಚಳಿಗೆ ಇನ್ನೊಬ್ಬರನ್ನು ಕೇಳುವ ಹಾಗಾಯಿತು. ಹಿಂದೆ ಅವರು ಯಾರನ್ನೂ ಕೇಳುತ್ತಿರಲಿಲ್ಲ.

ಈ ಯಂತ್ರ ಹುಟ್ಟಿದ್ದೇ ಇನ್ನೊಬ್ಬರನ್ನು ಕೇಳುವ ಕಷ್ಟ ತಪ್ಪಿಸಲು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ವೈಟ್‌ವಾಟರ್ ಅನ್ನುವ ಊರಿನ ಕಾಲೇಜಿನಲ್ಲಿ ವಾರೆನ್ ಜಾನ್ಸನ್ ಅನ್ನುವ ಮೇಷ್ಟ್ರಿದ್ದರು. ಅಲ್ಲಿ ಕೋಣೆಗಳ ಬಿಸಿ ಹೆಚ್ಚುಕಡಿಮೆ ಮಾಡುವುದು ಕೆಳಗಿನ ನೆಲಮಾಳಿಗೆಯಿಂದ. ಜವಾನ ಒಂದೊಂದೇ ಕ್ಲಾಸಿಗೆ ಬಂದು ಥರ್ಮಾಮೀಟರ್ ನೋಡಿ, ಕೆಳಗೆ ಹೋಗಿ ಸರಿಮಾಡಬೇಕಿತ್ತು. ಜಾನ್ಸನ್ ಕೋಣೆಯಲ್ಲಿ ಒಂದು ಲೋಹದ ಸುರುಳಿ ಇಟ್ಟು, ಬಿಸಿ ಏರಿಳಿದಾಗ ಕೆಳಗೆ ಗಂಟೆ ಬಾರಿಸುವ ಹಾಗೆ ಮಾಡಿದರು. 1883ರಲ್ಲಿ ಪೇಟೆಂಟ್ ಸಿಕ್ಕಿತು. ಕೋಣೆಯಲ್ಲಿ ಕೂತವರ ಚಳಿ ಕೆಳಗಿದ್ದವನಿಗೆ ತಾನಾಗಿ ಗೊತ್ತಾಗಲಿ ಅನ್ನುವುದೇ ಅದರ ಉದ್ದೇಶ. ಇಷ್ಟು ವರ್ಷದ ಮೇಲೆ ಹೊಸ ಯಂತ್ರ ತಂದು ದೊಡ್ಡಮ್ಮನನ್ನು ಮತ್ತೆ ಕೇಳುವ ಜಾಗಕ್ಕೆ ಕೂರಿಸುವುದಾದರೆ ಏನು ಬಂತು?

ಪರದೆಯ ಸೆನ್ಸರನ್ನು ವಾಪಸ್ ಕೊಟ್ಟು, ಅದೇ ರಿಸೀವರಿಗೆ ಹೊಂದುವ ಇನ್ನೊಂದನ್ನು ತರಿಸಿದೆ. ಇದಕ್ಕೆ ಉರುಟು ಡಯಲ್ ಇದೆ. ತಿರುಗಿಸಿದರೆ ಅರ್ಧರ್ಧ ಡಿಗ್ರಿಗೆ ಬೆರಳಿಗೆ ತಟ್ಟುತ್ತದೆ. ಅಂಕಿ ದೊಡ್ಡದು. ಮಂಚದ ಪಕ್ಕದ ಒಳಗೋಡೆಯಲ್ಲಿ ಕೂರಿಸಿದೆವು, ಐದಡಿಗಿಂತ ಸ್ವಲ್ಪ ಕೆಳಗೆ, ಅವರ ಕೈಗೆ ಸಲೀಸಾಗಿ ಸಿಗುವ ಎತ್ತರಕ್ಕೆ. ಸೆಲ್ ಮುಗಿದರೆ ಏನು ಮಾಡಬೇಕು ಅಂತ ಇಬ್ಬರೂ ಕಲಿತಿದ್ದೇವೆ. ಡಿಬಿ ಬಾಕ್ಸಿನ ಪಕ್ಕದ ರಿಸೀವರಿನಲ್ಲೇ ಒಂದು ಬಟನ್ ಇದೆ, ಒತ್ತಿದರೆ ಹೀಟರ್ ಕೈಯಿಂದಲೇ ಆನ್ ಆಗುತ್ತದೆ.

ಈಗ ನಮ್ಮಿಬ್ಬರ ನಡುವೆ ಚರ್ಚೆ ಎಷ್ಟಕ್ಕೆ ಇಡುವುದು ಅನ್ನುವುದರ ಬಗ್ಗೆ ಮಾತ್ರ. ಚಳಿ ಇರುವ ಕಡೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ವಯಸ್ಸಾದವರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗಬಹುದು ಅಂತಲೂ ಹೇಳುತ್ತಾರೆ. ನಾನು 20 ಸಾಕು ಅನ್ನುತ್ತೇನೆ, ದೊಡ್ಡಮ್ಮ ಸಂಜೆಗೆ 22 ಮಾಡುತ್ತಾರೆ, ರಾತ್ರಿ ಮಲಗುವಾಗ 15ಕ್ಕೆ ಇಳಿಸುತ್ತಾರೆ. ಬೆಳಗಿನ ಜಾವ ಐದಕ್ಕೆ ಟೈಮರ್ ತಾನೇ 20ಕ್ಕೆ ಏರಿಸುತ್ತದೆ. ಅವರು ಏಳುವಷ್ಟರಲ್ಲಿ ಕೋಣೆ ಬೆಚ್ಚಗಿರುತ್ತದೆ.

ಡಿಬಿ ಬಾಕ್ಸಿನ ಬಾಗಿಲ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ಯಾವ ಎಂಸಿಬಿ ಯಾವ ಕೋಣೆಗೆ, ಯಾವುದು ಮೇನ್‌ನಿಂದ, ಯಾವುದು ಇನ್ವರ್ಟರಿನಿಂದ, ಯಾವ ವೈರ್ ಬಿಡಿಸಿದೆ, ಎಲ್ಲ ಬರೆದಿದೆ. ಹಾಲಿನ ಗೋಡೆಯಲ್ಲಿ ದೊಡ್ಡಪ್ಪ ತಂದ ಇನ್ನೊಂದು ಥರ್ಮೋಸ್ಟಾಟ್ ಹಾಗೇ ಇದೆ. ಅದರ ವೈರ್ ಎಲ್ಲಿಂದ ಬರುತ್ತದೆ ಅಂತ ಇನ್ನೂ ನೋಡಿಲ್ಲ. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಸುಗ್ಗಿಯ ಹಬ್ಬ ಹುತ್ತರಿ ಕಳೆದ ಮೇಲೆ, ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆ ಒಂದು ದಿನ ಬಂದು ಅದನ್ನೂ ಬಿಚ್ಚಿಕೊಡುತ್ತೇನೆ ಅಂತ ಎಲೆಕ್ಟ್ರಿಷಿಯನ್ ಒಪ್ಪಿದ್ದಾರೆ.